ಗಣಕಯಂತ್ರದ ಮಹಜರು: ಸಾಕ್ಷಿಗೂ ಇರಬೇಕಾದ ಎಲ್ಲೆ

ಮೂರ್ಛೆ ಹೋದ ಮನುಷ್ಯನು ಮುಖಕ್ಕೆ ನೀರು ಚಿಮುಕಿಸಿದೊಡನೆ ಎದ್ದು ಕುಳಿತರೆ ಮನೆಯವರಿಗೆ ಸಮಾಧಾನವಾಗುವುದು ಸಹಜ. ವೈದ್ಯರಿಗೆ ಮಾತ್ರ ಅಷ್ಟರಿಂದ ಸಮಾಧಾನವಾಗದು. ಮೂರ್ಛೆ ಏಕೆ ಬಂದಿತು, ಮತ್ತೆ ಬರುವ ಸಂಭವವಿದೆಯೇ ಎಂಬುದು ಅವರಿಗೆ ತಿಳಿಯಬೇಕು. ಗಣಕಯಂತ್ರದ ವಿಷಯವೂ ಇದಕ್ಕಿಂತ ಭಿನ್ನವಲ್ಲ. ಬ್ಯಾಂಕಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಯಂತ್ರವು ಹಠಾತ್ತನೆ ನಿಂತು, ಐದು ನಿಮಿಷಗಳ ಬಳಿಕ ತಾನೇ ಮರಳಿ ನಡೆಯತೊಡಗಿದರೆ ಸರದಿಯಲ್ಲಿ ನಿಂತವರು ನಿಟ್ಟುಸಿರು ಬಿಡುತ್ತಾರೆ. ಆದರೆ ಕಾರಣ ಗೊತ್ತಾಗದಿದ್ದರೆ ಅದೇ ಯಂತ್ರ ನಾಳೆಯೂ ನಿಲ್ಲಬಹುದು. ಆ ಕಾರಣವನ್ನು ಹಿಡಿದಿಡುವ ಉಪಾಯವೊಂದನ್ನೂ, ಆ ಉಪಾಯಕ್ಕೆ ಹಾಕಲೇಬೇಕಾದ ಮಿತಿಯನ್ನೂ ಇಲ್ಲಿ ವಿವರಿಸಲಾಗಿದೆ.

ಕರ್ನೆಲ್ ಮತ್ತು ಅದರ ಕುಸಿತ

ಗಣಕಯಂತ್ರದ ಎಲ್ಲ ಕೆಲಸಗಳನ್ನೂ ನಿಯಂತ್ರಿಸುವ ಕಾರ್ಯವ್ಯವಸ್ಥೆಯ ತಿರುಳಿಗೆ ‘ಕರ್ನೆಲ್’ ಎಂದು ಹೆಸರು. ಯಾವ ಕೆಲಸಕ್ಕೆ ಎಷ್ಟು ಸ್ಮೃತಿ, ಅಂದರೆ ಮೆಮೊರಿ, ಕೊಡಬೇಕೆಂಬುದನ್ನು ನಿರ್ಧರಿಸುವುದು ಅದೇ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂತಹ ಕರ್ನೆಲ್‌ಗಳಲ್ಲಿ ಒಂದು. ಇಂದು ಜಗತ್ತಿನ ಅಸಂಖ್ಯ ಸೇವಾಯಂತ್ರಗಳು ಇದರ ಮೇಲೆಯೇ ನಡೆಯುತ್ತಿವೆ.

ಕರ್ನೆಲ್ ತನ್ನೊಳಗೇ ತಿದ್ದಲಾಗದ ದೋಷವನ್ನು ಕಂಡಾಗ ಮುಂದುವರಿಯಲು ನಿರಾಕರಿಸುತ್ತದೆ. ಈ ಸ್ಥಿತಿಗೆ ತಜ್ಞರು ‘ಪ್ಯಾನಿಕ್’ ಎನ್ನುತ್ತಾರೆ. ದೋಷದ ಕುರುಹೆಲ್ಲವೂ ಆ ಕ್ಷಣದ ಸ್ಮೃತಿಯಲ್ಲಿರುತ್ತದೆ. ಆದರೆ ಯಂತ್ರವನ್ನು ಸಾಮಾನ್ಯ ರೀತಿಯಲ್ಲಿ ಮರಳಿ ಪ್ರಾರಂಭಿಸಿದರೆ ಆ ಕುರುಹು ಅಳಿಯುತ್ತದೆ. ಆದುದರಿಂದ ಅಳಿಯುವ ಮೊದಲೇ ಸ್ಮೃತಿಯ ಪ್ರತಿಯನ್ನು ತೆಗೆದಿಡಬೇಕು. ಈ ಪ್ರತಿಗೆ ‘ಕೋರ್ ಡಂಪ್’ ಎಂಬ ಹೆಸರು ಬಂದುದು, ಹಿಂದಿನ ಗಣಕಯಂತ್ರಗಳ ಸ್ಮೃತಿಯು ‘ಕೋರ್’ ಎಂಬ ಕಿರಿದಾದ ಕಾಂತೀಯ ಬಳೆಗಳಿಂದ ಹೆಣೆಯಲ್ಪಟ್ಟಿದ್ದುದರಿಂದ. ಬಳೆಗಳು ಹೋದರೂ ಹೆಸರು ಉಳಿದಿದೆ.

ಮೊದಲಿನ ವಿಧಾನಗಳಲ್ಲಿ ಈ ಪ್ರತಿಯನ್ನು ಕುಸಿದ ಕರ್ನೆಲ್ಲೇ ಬರೆಯಬೇಕಾಗಿತ್ತು. ಸನ್ನಿ ಹಿಡಿದ ರೋಗಿಯಿಂದಲೇ ಅವನ ರೋಗದ ವಿವರವನ್ನು ಬರೆಯಿಸಿದಂತಾಯಿತು ಇದು. ಡಿಸ್ಕಿಗೆ ಬರೆಯುವ ಭಾಗವೇ ಕೆಟ್ಟಿದ್ದರೆ ಪ್ರತಿ ಅಪೂರ್ಣವಾಗುತ್ತಿತ್ತು. ಕೆಲವೊಮ್ಮೆ ಡಿಸ್ಕಿನಲ್ಲಿದ್ದ ಒಳ್ಳೆಯ ಮಾಹಿತಿಯೂ ಹಾಳಾಗುವ ಭಯವಿತ್ತು.

ಎರಡನೆಯ ಕರ್ನೆಲ್

2005ರಲ್ಲಿ ಬಂದ ಲಿನಕ್ಸಿನ 2.6.13ನೆಯ ಆವೃತ್ತಿಯಲ್ಲಿ ‘ಕೆಡಂಪ್’ ಎಂಬ ಹೊಸ ವಿಧಾನವು ಸೇರಿತು. ಎರಿಕ್ ಬೀಡರ್‌ಮನ್, ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ ಇವರು ಅದೇ ವರ್ಷ ಕೆನಡಾದ ಒಟ್ಟಾವಾ ನಗರದ ಲಿನಕ್ಸ್ ಸಮ್ಮೇಳನದಲ್ಲಿ ಈ ಬಗ್ಗೆ ಪ್ರಬಂಧ ಮಂಡಿಸಿದರು. ವಿಧಾನದ ತತ್ತ್ವ ಸರಳ. ಯಂತ್ರವು ಆರೋಗ್ಯದಿಂದಿರುವಾಗಲೇ ಸ್ಮೃತಿಯ ಒಂದು ಭಾಗವನ್ನು ಬೇರ್ಪಡಿಸಿ, ಅದರಲ್ಲಿ ಇನ್ನೊಂದು ಚಿಕ್ಕ ಕರ್ನೆಲ್ಲನ್ನು ಸಿದ್ಧವಾಗಿಡುವುದು. ಮೊದಲನೆಯದು ಕುಸಿದೊಡನೆ, ಸ್ಮೃತಿಯನ್ನು ಅಳಿಸದೆಯೇ ಅಧಿಕಾರವನ್ನು ಎರಡನೆಯದಕ್ಕೆ ಒಪ್ಪಿಸುವುದು. ಎರಡನೆಯದು ಎದ್ದು, ಮೊದಲನೆಯದರ ಸ್ಮೃತಿಯನ್ನು ಓದಿ, ಪ್ರತಿಯನ್ನು ಸುರಕ್ಷಿತ ಸ್ಥಳಕ್ಕೆ ಬರೆದು, ಬಳಿಕ ಯಂತ್ರವನ್ನು ಮರಳಿ ಪ್ರಾರಂಭಿಸುತ್ತದೆ.

ಅಪಘಾತ ನಡೆದ ಕೋಣೆಯಲ್ಲಿ ಮಹಜರು, ಮುಂಬಯಿಯ ಕನ್ನಡಿಗರ ಮಾತಿನಲ್ಲಿ ಪಂಚನಾಮೆ, ಬರೆಯುವವರ ಪರಿಯನ್ನು ಇಲ್ಲಿ ನೆನೆಯಬಹುದು. ಬರೆಯುವವನು ಕೋಣೆಯ ತುಂಬ ಓಡಾಡಿ, ಬಿದ್ದ ವಸ್ತುಗಳನ್ನು ಸರಿಸಿ, ತನ್ನ ಚೀಲವನ್ನು ಕಂಡಲ್ಲಿ ಇಟ್ಟರೆ ಅವನ ಮಹಜರಿಗೆ ಬೆಲೆಯಿಲ್ಲ. ಒಂದು ಮೂಲೆಯಲ್ಲಿ ನಿಂತು, ಏನನ್ನೂ ಮುಟ್ಟದೆ, ಕಂಡುದನ್ನು ಕಂಡಂತೆ ಬರೆಯಬೇಕು. ಎರಡನೆಯ ಕರ್ನೆಲ್ಲಿಗೂ ಇದೇ ನಿಯಮ.

ಎಲ್ಲೆ ಏಕೆ ಬೇಕು?

ಎಲ್ಲೆ ಹಾಕುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಒಂದನೆಯದು ಸಾಕ್ಷ್ಯದ ರಕ್ಷಣೆ. ಯಾವ ಕರ್ನೆಲ್ಲೇ ಆಗಲಿ, ಎದ್ದೊಡನೆ ತನಗೆ ಕಾಣುವ ಸ್ಮೃತಿಯನ್ನೆಲ್ಲ ತನ್ನದೆಂದು ಭಾವಿಸಿ ಬಳಸತೊಡಗುತ್ತದೆ. ಎರಡನೆಯ ಕರ್ನೆಲ್ಲಿಗೂ ಇಡೀ ಸ್ಮೃತಿಯನ್ನು ತೋರಿಸಿದರೆ, ತಾನು ಕಾಪಾಡಬೇಕಾದ ಕುರುಹನ್ನೇ ತುಳಿದುಹಾಕುತ್ತದೆ. ಆದುದರಿಂದ ಬಳಸಬಹುದಾದ ಸ್ಮೃತಿಯ ನಕ್ಷೆಯೊಂದನ್ನು ಅದರ ಕೈಗೆ ಕೊಟ್ಟು, ಅದರಲ್ಲಿ ಮೀಸಲು ಭಾಗವನ್ನು ಮಾತ್ರ ಗುರುತಿಸಲಾಗುತ್ತದೆ. ಉಳಿದ ಸ್ಮೃತಿ ಎಲ್ಲೆಲ್ಲಿದೆ ಎಂಬ ಸೂಚೀಪತ್ರವನ್ನು ಬೇರೆಯಾಗಿ ಒದಗಿಸಲಾಗುತ್ತದೆ. ಆ ಹಳೆಯ ಸ್ಮೃತಿಯು ಅದಕ್ಕೆ ‘ವಿಎಂಕೋರ್’ ಎಂಬ ಕಡತವಾಗಿ, ಓದಲಿಕ್ಕಷ್ಟೆ ಕಾಣಿಸುತ್ತದೆ. ಎಕ್ಸ್86 ವರ್ಗದ ಯಂತ್ರಗಳು ಏಳುವಾಗ ಸ್ಮೃತಿಯ ಮೊದಲ 640 ಕಿಲೋಬೈಟುಗಳು ಬೇಕೇ ಬೇಕು. ಆರಂಭದ ವರ್ಷಗಳಲ್ಲಿ ಆ ಭಾಗದ ಪ್ರತಿಯನ್ನು ಮೊದಲು ಮೀಸಲು ಜಾಗಕ್ಕೆ ತೆಗೆದಿಟ್ಟು, ಆನಂತರವೇ ಅದನ್ನು ಬಳಸಲಾಗುತ್ತಿತ್ತು.

ಎರಡನೆಯದು ಸಾಕ್ಷಿಯ ಸ್ವಂತ ರಕ್ಷಣೆ. ಮೊದಲ ಕರ್ನೆಲ್ ಕುಸಿದರೂ ಡಿಸ್ಕು, ಜಾಲದ ಕಾರ್ಡು ಮೊದಲಾದ ಉಪಕರಣಗಳಿಗೆ ಆ ಸುದ್ದಿ ತಲಪಿರುವುದಿಲ್ಲ. ಹಿಂದೆ ಪಡೆದ ಆಜ್ಞೆಯಂತೆ ಅವು ಸ್ಮೃತಿಗೆ ನೇರವಾಗಿ ಬರೆಯುತ್ತಲೇ ಇರಬಹುದು. ಮೀಸಲು ಭಾಗವನ್ನು ಯಾವ ಉಪಕರಣಕ್ಕೂ ಎಂದೂ ಕೊಟ್ಟಿಲ್ಲವಾದ ಕಾರಣ ಆ ಬರಹವು ಅಲ್ಲಿಗೆ ಬೀಳುವುದಿಲ್ಲ. ಇಷ್ಟಾದರೂ ಸಂಶಯ ಉಳಿಯಬಾರದೆಂದು, ಅಧಿಕಾರ ಕೊಡುವ ಮುನ್ನ ಎರಡನೆಯ ಕರ್ನೆಲ್ ಕೆಡದೆ ಇದೆಯೇ ಎಂಬುದನ್ನು ‘ಶಾ-256’ ಎಂಬ ಗಣಿತದ ಮುದ್ರೆಯಿಂದ ಪರೀಕ್ಷಿಸಲಾಗುತ್ತದೆ.

ಮೂರನೆಯದು ಲೆಕ್ಕಪುಸ್ತಕದ ಭಾರ. ಕರ್ನೆಲ್ ಸ್ಮೃತಿಯನ್ನು 4 ಕಿಲೋಬೈಟುಗಳ ‘ಪುಟ’ಗಳಾಗಿ ವಿಂಗಡಿಸಿ, ಪ್ರತಿ ಪುಟಕ್ಕೂ ಒಂದು ದಾಖಲೆಯನ್ನಿಡುತ್ತದೆ. 64 ಬಿಟ್ ಯಂತ್ರಗಳಲ್ಲಿ ಈ ದಾಖಲೆ ಸಾಮಾನ್ಯವಾಗಿ 64 ಬೈಟು. ಅಂದರೆ ಇರುವ ಸ್ಮೃತಿಯ 64ನೆಯ ಒಂದು ಭಾಗ ಲೆಕ್ಕಕ್ಕೇ ಮುಡಿಪು. ಯಂತ್ರದಲ್ಲಿ 64 ಗಿಗಾಬೈಟ್ ಇದ್ದು, ಅದೆಲ್ಲವೂ ತನ್ನದೆಂದು ಎರಡನೆಯ ಕರ್ನೆಲ್ ತಿಳಿದರೆ ಅದಕ್ಕೆ 1 ಗಿಗಾಬೈಟಿನ ಲೆಕ್ಕಪುಸ್ತಕ ಬೇಕು. ಅದಕ್ಕೆ ಕೊಟ್ಟಿರುವುದೋ 256 ಮೆಗಾಬೈಟ್! ಎಲ್ಲೆಯನ್ನು ಸರಿಯಾಗಿ ತಿಳಿಸಿದಲ್ಲಿ 4 ಮೆಗಾಬೈಟಿನ ಲೆಕ್ಕಪುಸ್ತಕವೇ ಸಾಕು.

ಎಷ್ಟು ಮೀಸಲಿಡಬೇಕು?

ಕಷ್ಟವಿರುವುದು ಇಲ್ಲಿಯೇ. ಮೀಸಲಿಟ್ಟ ಸ್ಮೃತಿಯು ದಿನನಿತ್ಯದ ಕೆಲಸಕ್ಕೆ ಬರುವುದಿಲ್ಲ. ಮಹಾನಗರದ ಒಂದೇ ಕೋಣೆಯ ಮನೆಯಲ್ಲಿ ಎಂದೋ ಬರುವ ಅತಿಥಿಗಾಗಿ ಒಂದು ಮೂಲೆಯನ್ನು ಸದಾ ಖಾಲಿ ಇಟ್ಟಂತೆ. 64 ಗಿಗಾಬೈಟಿನ ಯಂತ್ರದಲ್ಲಿ 256 ಮೆಗಾಬೈಟ್ ಎಂದರೆ 256ನೆಯ ಒಂದು ಪಾಲು, ಗಮನಕ್ಕೂ ಬಾರದು. ಆದರೆ 2 ಗಿಗಾಬೈಟಿನ ಯಂತ್ರದಲ್ಲಿ ಅದು ಎಂಟನೆಯ ಒಂದು ಪಾಲು. ಅಂತಹ ನೂರು ಯಂತ್ರಗಳಿದ್ದರೆ ಒಟ್ಟು 25 ಗಿಗಾಬೈಟ್ ಸುಮ್ಮನೆ ಕುಳಿತಿರುತ್ತದೆ.

ಹಾಗೆಂದು ಕೈ ಬಿಗಿಹಿಡಿದರೆ ಅಪಾಯ. ಎರಡನೆಯ ಕರ್ನೆಲ್, ಅದರ ಜೊತೆಗಿನ ಪ್ರಾರಂಭಿಕ ಕಡತಗಳು, ಉಪಕರಣಗಳ ಚಾಲಕಗಳು, ಪ್ರತಿ ತೆಗೆಯುವ ಕಾರ್ಯಕ್ರಮ ಇವೆಲ್ಲವೂ ಮೀಸಲು ಜಾಗದಲ್ಲಿಯೇ ಹಿಡಿಸಬೇಕು. ಸ್ಥಳ ಸಾಲದಿದ್ದರೆ ಎರಡನೆಯದೂ ಮಧ್ಯದಲ್ಲಿ ಕುಸಿಯುತ್ತದೆ. ಮಹಜರು ಬರೆಯಬೇಕಾದವನೇ ಬಿದ್ದಂತಾಗಿ ಕುರುಹು ಶಾಶ್ವತವಾಗಿ ಕೈತಪ್ಪುತ್ತದೆ.

ಪ್ರಮಾಣವನ್ನು ‘ಕ್ರ್ಯಾಶ್‌ಕರ್ನೆಲ್’ ಎಂಬ ಸೂಚನೆಯಿಂದ ಯಂತ್ರಕ್ಕೆ ತಿಳಿಸಲಾಗುತ್ತದೆ. ಲಿನಕ್ಸಿನ ಕೈಪಿಡಿಯಲ್ಲಿ ಕೊಟ್ಟಿರುವ ಉದಾಹರಣೆ ಹೀಗಿದೆ: ಸ್ಮೃತಿ 512 ಮೆಗಾಬೈಟಿಗಿಂತ ಕಡಿಮೆಯಿದ್ದರೆ ಏನೂ ಮೀಸಲು ಬೇಡ, 512 ಮೆಗಾಬೈಟಿನಿಂದ 2 ಗಿಗಾಬೈಟಿನೊಳಗೆ ಇದ್ದರೆ 64 ಮೆಗಾಬೈಟ್, ಅದಕ್ಕೂ ಮೇಲ್ಪಟ್ಟರೆ 128 ಮೆಗಾಬೈಟ್. ಇದು ಕ್ರಮವನ್ನು ತಿಳಿಸುವ ಮಾದರಿಯೇ ಹೊರತು ಎಲ್ಲರಿಗೂ ಒಪ್ಪುವ ಔಷಧದ ಪ್ರಮಾಣವಲ್ಲ. ಉಪಕರಣಗಳು ಹೆಚ್ಚಿದಂತೆ ಅಗತ್ಯವೂ ಹೆಚ್ಚುತ್ತದೆ.

ಮಿತವ್ಯಯದ ಮಾರ್ಗಗಳು

ಜಾಗವನ್ನು ಹೆಚ್ಚಿಸುವುದಕ್ಕೆ ಮೊದಲು ಖರ್ಚನ್ನು ತಗ್ಗಿಸುವುದು ಜಾಣತನ. ಯಂತ್ರದಲ್ಲಿ ಹಲವು ಸಂಸ್ಕಾರಕಗಳಿದ್ದರೂ ಎರಡನೆಯ ಕರ್ನೆಲ್ ಒಂದನ್ನೇ ಬಳಸುವಂತೆ ಆಜ್ಞಾಪಿಸಬಹುದು. ಪ್ರತಿಯೊಂದು ಸಂಸ್ಕಾರಕಕ್ಕೂ ತಗಲುವ ಸ್ಮೃತಿ ಇದರಿಂದ ಉಳಿಯುತ್ತದೆ. ಪ್ರತಿ ಬರೆಯಲು ಅಗತ್ಯವಿಲ್ಲದ ಚಾಲಕಗಳನ್ನು ಕೈಬಿಡಬಹುದು.

ಪ್ರತಿ ತೆಗೆಯುವ ‘ಮೇಕ್‌ಡಂಪ್‌ಫೈಲ್’ ಎಂಬ ಕಾರ್ಯಕ್ರಮವು ಸೊನ್ನೆಗಳೇ ತುಂಬಿದ ಪುಟ, ಖಾಲಿ ಪುಟ, ಡಿಸ್ಕಿನಿಂದ ಓದಿಟ್ಟುಕೊಂಡ ಪುಟ, ಬಳಕೆದಾರರ ಪುಟ ಇವುಗಳನ್ನು ಬಿಟ್ಟು ಕರ್ನೆಲ್ಲಿಗೆ ಸೇರಿದವನ್ನು ಮಾತ್ರ ಆಯ್ದುಕೊಳ್ಳಬಲ್ಲದು. ಇದರಿಂದ ಕಡತ ಕಿರಿದಾಗುವುದಲ್ಲದೆ ಜನರ ಗುಟ್ಟುಗಳೂ ಬಹುಮಟ್ಟಿಗೆ ಉಳಿಯುತ್ತವೆ. ಏಕೆಂದರೆ ಬಳಕೆದಾರರ ಪುಟಗಳಲ್ಲಿ ಗುಪ್ತಪದಗಳೂ ರೋಗಿಗಳ ವಿವರಗಳೂ ಇರಬಹುದು. ಆದರೂ ಉಳಿದ ಕಡತವನ್ನು ರಹಸ್ಯ ದಾಖಲೆಯೆಂದೇ ಭಾವಿಸಿ ಕಾಪಾಡಬೇಕು. ಈ ಆಯ್ಕೆಗೂ ಸ್ಮೃತಿ ತಗಲುತ್ತದೆ. ಪುಟಕ್ಕೆ 2 ಬಿಟ್‌ನಂತೆ ಗುರುತು ಹಾಕಿದರೆ 1 ಟೆರಾಬೈಟಿನ ಯಂತ್ರಕ್ಕೆ 64 ಮೆಗಾಬೈಟ್ ಬೇಕಾಗುತ್ತದೆ. ಆದುದರಿಂದ ಸ್ಮೃತಿಯನ್ನು ಒಮ್ಮೆಗೇ ನೋಡದೆ, ತುಂಡು ತುಂಡಾಗಿ ಸರದಿಯಂತೆ ಪರಿಶೀಲಿಸುವ ಪದ್ಧತಿ ಮುಂದೆ ಬಂದಿತು.

ಮುನ್ನೆಚ್ಚರಿಕೆಯ ಪರೀಕ್ಷೆ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಅನುಭವವೇ ಪ್ರಮಾಣ. ಸೇವೆಗೆ ಇಳಿಸುವ ಮುನ್ನ ಯಂತ್ರವನ್ನು ಬುದ್ಧಿಪೂರ್ವಕವಾಗಿ ಒಮ್ಮೆ ಕೆಡವಿ ನೋಡಬೇಕು. ಲಿನಕ್ಸಿನಲ್ಲಿ ಇದಕ್ಕಾಗಿಯೇ ಒಂದು ತುರ್ತು ಆಜ್ಞೆಯಿದೆ. ಪ್ರತಿ ಪೂರ್ಣವಾಗಿ ಬಂದಿದೆಯೇ, ತೆರೆದು ಓದಲು ಬರುತ್ತದೆಯೇ ಎಂಬುದನ್ನು ಪರಿಶೀಲಿಸಬೇಕು. ಮೀಸಲು ಅಗತ್ಯಕ್ಕಿಂತ ಹೆಚ್ಚಾಗಿದ್ದರೆ ಯಂತ್ರ ನಡೆಯುತ್ತಿರುವಾಗಲೇ ಅದನ್ನು ಕುಗ್ಗಿಸಬಹುದು. ಸಾಲದೆ ಬಂದರೆ ಸಾಮಾನ್ಯವಾಗಿ ಸೂಚನೆಯನ್ನು ತಿದ್ದಿ ಯಂತ್ರವನ್ನು ಮರಳಿ ಪ್ರಾರಂಭಿಸಬೇಕಾಗುತ್ತದೆ. ಹೊಸ ಉಪಕರಣ ಸೇರಿಸಿದಾಗಲೂ ಕರ್ನೆಲ್ಲನ್ನು ಬದಲಿಸಿದಾಗಲೂ ಈ ಪರೀಕ್ಷೆಯನ್ನು ಪುನಃ ನಡೆಸುವುದು ಕ್ಷೇಮ. ವಿದ್ಯುತ್ತೇ ಕಡಿದುಹೋದಾಗ ಈ ವಿಧಾನವು ಏನೂ ಮಾಡಲಾರದೆಂಬುದನ್ನೂ ಮರೆಯಬಾರದು.

ಉದ್ಯೋಗಕ್ಕಾಗಿ ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ಕನ್ನಡದ ತರುಣ ತರುಣಿಯರಲ್ಲಿ ಇಂತಹ ಯಂತ್ರಗಳನ್ನು ರಾತ್ರಿಯಿಡೀ ಕಾಯುವವರು ಅನೇಕರಿದ್ದಾರೆ. ನಿಂತ ಯಂತ್ರವನ್ನು ಎಬ್ಬಿಸುವುದರಲ್ಲಿ ಅವರ ಕರ್ತವ್ಯ ಅರ್ಧ ಮಾತ್ರ ಮುಗಿಯುತ್ತದೆ. ಏಕೆ ನಿಂತಿತೆಂದು ಹೇಳಬಲ್ಲ ಸಾಕ್ಷಿಯನ್ನು ಮುಂಚಿತವಾಗಿ ನೇಮಿಸಿಡುವುದು ಉಳಿದರ್ಧ. ಆ ಸಾಕ್ಷಿಗೆ ನಿಲ್ಲಲು ಸಾಕಷ್ಟು ನೆಲ ಬೇಕು. ಆ ನೆಲವನ್ನು ದಾಟದಂತೆ ಗೆರೆಯೂ ಬೇಕು. ನೆಲ ಸಾಲದ ಸಾಕ್ಷಿ ಮಾತನಾಡಲಾರದು. ಗೆರೆ ದಾಟಿದ ಸಾಕ್ಷಿಯ ಮಾತನ್ನು ನಂಬಲಾಗದು.