ಹ್ಯಾಲೋವೀನ್ ಸಂಜೆ ಮನೆಯಲ್ಲೇ ಇರುವ ಮಗುವಿಗೆ

ಶಿಕಾಗೋ ಕಡೆಯ ಚಳಿಗೂ ಕೆಲಸಕ್ಕೂ ಇನ್ನೂ ಒಗ್ಗಿಕೊಳ್ಳುತ್ತಿರುವ ನಮ್ಮ ಕಡೆಯ ಮಕ್ಕಳೆಲ್ಲರಿಗೂ ಸೇರಿದ ಪತ್ರ ಇದು. ಆದರೂ ಒಬ್ಬರಿಗೇ ಬರೆದಂತೆ ‘ನೀನು’ ಎನ್ನುತ್ತೇನೆ.

ಅಕ್ಟೋಬರ್ 31 ಬಂತೆಂದರೆ ಆಫೀಸಿನಲ್ಲಿ ವೇಷ, ಗೆಳೆಯರ ಮನೆಯಲ್ಲಿ ಪಾರ್ಟಿ, ಬೀದಿಯಲ್ಲಿ ಕ್ಯಾಂಡಿ ಕೇಳುವ ಮಕ್ಕಳ ಗದ್ದಲ. ದಣಿದು ಮನೆಯಲ್ಲಿ ಕೂತವರಿಗೆ ಏನೋ ತಪ್ಪಿಹೋಯಿತೆಂಬ ಕೊರಗು. ಆ ಕೊರಗು ಬೇಡ ಎನ್ನಲು ಹಬ್ಬದ ಚರಿತ್ರೆಯೇ ಸಾಕ್ಷಿ ಹೇಳುತ್ತದೆ. ಇದರ ಮೂಲದಲ್ಲಿರುವ ಐರ್ಲೆಂಡಿನ ಸೌವಿನ್, ಸುಗ್ಗಿ ಮುಗಿಸಿ, ಬೇಸಿಗೆಯ ಹುಲ್ಲುಗಾವಲಿನಿಂದ ದನಗಳನ್ನು ಇಳಿಸಿ ತಂದು, ಚಳಿಗಾಲಕ್ಕೆ ಒಳಸೇರುವ ಹೊತ್ತಿನ ಹಬ್ಬ. ಹೊರಗೆ ಬೆಂಕಿ ಹಾಕುವುದೂ ವೇಷ ಕಟ್ಟಿ ತಿರುಗುವುದೂ ಇತ್ತು, ಸುಳ್ಳಲ್ಲ. ಆದರೆ ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ ‘ಹ್ಯಾಲೋವೀನ್’ ಕವಿತೆಯಲ್ಲಿ ಹಳ್ಳಿಯ ಹುಡುಗ ಹುಡುಗಿಯರು ಒಲೆಯ ಮುಂದೆ ಕೂತಿದ್ದಾರೆ. ಜೋಡಿಯ ಹೆಸರಿಟ್ಟ ಎರಡು ಕಾಯಿಗಳನ್ನು (ನಟ್) ಕೆಂಡಕ್ಕೆ ಹಾಕುತ್ತಾರೆ. ಎರಡೂ ಒಟ್ಟಿಗೆ ಉರಿದರೆ ಪ್ರೀತಿ ಗಟ್ಟಿ, ಒಂದು ಸಿಡಿದು ಹಾರಿದರೆ ಸಂಬಂಧ ಮುರಿಯಿತು. ಅಮೆರಿಕದಲ್ಲಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳುವುದು ಎಲ್ಲೆಡೆ ಬೇರೂರಿದ್ದು 20ನೇ ಶತಮಾನದಲ್ಲಿ, ಅದೂ ಎರಡನೇ ಮಹಾಯುದ್ಧದ ಸಕ್ಕರೆ ರೇಷನ್ ಮುಗಿದ ಮೇಲೆ. ಹಾಗಾಗಿ ಆ ಸಂಜೆ ಬೆಚ್ಚಗೆ ಒಳಗಿರುವವರೂ ಹಬ್ಬದ ಒಳಗೇ ಇದ್ದಾರೆ.

ನೆರೆಯವರು ಏನಂದುಕೊಂಡಾರು ಎನ್ನುತ್ತೀಯ. ಅದಕ್ಕೂ ಅಲ್ಲಿನವರೇ ಒಂದು ರೂಢಿ ಮಾಡಿಕೊಂಡಿದ್ದಾರೆ: ಮುಂಬಾಗಿಲ ದೀಪ ಉರಿಯುತ್ತಿದ್ದರೆ ಮಕ್ಕಳು ಬರುತ್ತಾರೆ, ಆರಿದ್ದರೆ ಮುಂದಿನ ಮನೆಗೆ ಹೋಗುತ್ತಾರೆ. ಆರಿಸಲು ಮನಸ್ಸಾಗದಿದ್ದರೆ ಒಂದು ಬುಟ್ಟಿ ಕ್ಯಾಂಡಿ ಹೊರಗಿಡು. ಮೊದಲು ಬಂದ ಪೋರನೇ ಅದನ್ನು ಖಾಲಿ ಮಾಡಿದರೆ ಮಾಡಲಿ, ಹಬ್ಬ ಅವನದೂ ಹೌದು.

ಇನ್ನು ಒಳಗೆ ಕೂತು ಮಾಡುವುದೇನು? ದಿನವಿಡೀ ಪರದೆ ನೋಡಿದ ಕಣ್ಣಿಗೆ ಮತ್ತೊಂದು ಪರದೆ ವಿಶ್ರಾಂತಿ ಕೊಡದು. ಕೈಗೆ ಕೆಲಸ ಕೊಡು. ಕುಂಬಳಕಾಯಿಯ ತೊಟ್ಟಿನ ಸುತ್ತ ಕೊರೆದು ಮುಚ್ಚಳ ಎತ್ತು, ಕೈ ಒಳಗೆ ಹಾಕು. ನಾರಿನಲ್ಲಿ ಸಿಕ್ಕಿಕೊಂಡ ಬೀಜಗಳು ಬೆರಳ ಸಂದಿಯಲ್ಲಿ ಜಾರುತ್ತವೆ, ಒಂದೊಂದನ್ನೇ ಬಿಡಿಸಬೇಕು. ಆ ಕೈಯಲ್ಲಿ ಫೋನ್ ಹಿಡಿಯಲಾಗದು ಎಂಬುದೇ ಇದರ ದೊಡ್ಡ ಗುಣ. ಬೀಜ ತೊಳೆದು, ಬಟ್ಟೆಯ ಮೇಲೆ ಹರವಿ ಒಣಗಿಸಿ, ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ, ಚಿಟಿಕೆ ಇಂಗು ಸವರಿ, 150 ಡಿಗ್ರಿ ಸೆಲ್ಸಿಯಸ್ ಒವನ್‌ನಲ್ಲಿ ಅರ್ಧ ಗಂಟೆ ಆಗಾಗ ಕೆದಕುತ್ತಾ ಹುರಿ. ಕೊರೆದು ಒಳಗೆ ದೀಪ ಇಡಲೆಂದು ಮಾರುವ ದೊಡ್ಡ ಕಾಯಿಯ ತಿರುಳು ನೀರುನೀರು, ರುಚಿ ಸಾಲದು. ಹುಳಿಗೋ ಪಲ್ಯಕ್ಕೋ ಬೇಕಾದರೆ ಪೈ ಮಾಡಲು ಮಾರುವ ಚಿಕ್ಕ ಕಾಯಿಯನ್ನೇ ತಾ.

ಎರಡನೆಯದು ಸ್ನಾನ. ಮಲಗುವ ಒಂದೆರಡು ಗಂಟೆ ಮೊದಲು 40ರಿಂದ 42 ಡಿಗ್ರಿಯ ಬಿಸಿನೀರಿನಲ್ಲಿ ಮಿಂದರೆ ನಿದ್ದೆ ಬೇಗ ಹತ್ತುತ್ತದೆ ಎಂದು ಟೆಕ್ಸಾಸ್ ವಿಶ್ವವಿದ್ಯಾಲಯದವರು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2019ರಲ್ಲಿ ಹೇಳಿದರು. ಬಿಸಿನೀರಿಗೆ ಅಂಗೈ ಅಂಗಾಲುಗಳ ರಕ್ತನಾಳ ಹಿಗ್ಗಿ, ಒಳಗಿನ ಶಾಖ ಹೊರಬೀಳುತ್ತದೆ. ಮೈ ತಂಪಾಗುತ್ತಿದ್ದಂತೆ ನಿದ್ದೆ ಬರುತ್ತದೆ. ಪರದೇಶದ ಹಬ್ಬ ನಮಗೇಕೆ ಎನ್ನುವವರಿಗೂ ಇಲ್ಲಿ ಜಾಗವಿದೆ: ದೀಪಾವಳಿ ಬರುವುದೂ ಇದೇ ಹೊತ್ತಿಗೆ, 2024ರಲ್ಲಂತೂ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಆ ಹಬ್ಬದ ರೂಢಿಯಂತೆ ಎಣ್ಣೆ ಹಚ್ಚಿಕೊಂಡು ಕಡಲೆಹಿಟ್ಟಿನಲ್ಲಿ ಮೈ ಉಜ್ಜಿಕೋ. ಅಲ್ಲಿನ ಬಾತ್‌ಟಬ್ ಎಣ್ಣೆ ತಾಗಿದರೆ ಸಿಕ್ಕಾಪಟ್ಟೆ ಜಾರುತ್ತದೆ, ಕಾಲಡಿಗೆ ರಬ್ಬರ್ ಮ್ಯಾಟ್ ಇರಲಿ.

ಇದೆಲ್ಲ ಸ್ವಾರ್ಥವಲ್ಲವೇ ಎಂಬ ಪ್ರಶ್ನೆಯನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ದಣಿದವರು ಯಾರಿಗೂ ಒದಗಲಾರರು. ಇದೆಲ್ಲ ಬರೀ ವ್ಯಾಪಾರ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಸುಗಂಧದ ಮೇಣದಬತ್ತಿ, ಮುಖಕ್ಕೆ ಹಚ್ಚುವ ಮಾಸ್ಕು, ಮಸಾಲೆ ಕಾಫಿ ಎಂದು ಆರೈಕೆಯನ್ನೇ ಅಂಗಡಿ ಸರಕು ಮಾಡಿಟ್ಟಿದ್ದಾರೆ. ಸ್ಟಾರ್‌ಬಕ್ಸ್ 2003ರಲ್ಲಿ ತಂದ ಪಂಪ್ಕಿನ್ ಸ್ಪೈಸ್ ಲಾಟೆಯಲ್ಲಿ 2015ರವರೆಗೆ ಕುಂಬಳಕಾಯಿಯೇ ಇರಲಿಲ್ಲ! ಅದರ ಘಮವೆಲ್ಲ ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಶುಂಠಿಯದು. ನಿನ್ನ ಮಸಾಲೆ ಡಬ್ಬಿಯಲ್ಲಿ ಅವು ಇರಬಹುದು, ಹಾಲಿಗೆ ಹಾಕಿ ಕುದಿಸಿಕೋ.

ಒಬ್ಬರೇ ಕೂತರೆ ಮನಸ್ಸು ಇನ್ನಷ್ಟು ಕುಗ್ಗದೇ ಎಂದು ಕೇಳುವವರ ಮಾತು ನಿಜ. ಬೀಜ ಬಿಡಿಸಲು ಒಬ್ಬ ಗೆಳತಿಯನ್ನು ಕರೆ. ಬರ್ನ್ಸ್‌ನ ಒಲೆಯ ಮುಂದೆಯೂ ಯಾರೂ ಒಂಟಿಯಾಗಿರಲಿಲ್ಲ. ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗಿ, ಶಿಕಾಗೋದಲ್ಲಿ 5 ಗಂಟೆಗೆ ಮೊದಲೇ ಸೂರ್ಯ ಮುಳುಗತೊಡಗುತ್ತಾನೆ. ಕೆಲವರಿಗೆ ಈ ಕತ್ತಲೇ ಖಿನ್ನತೆ ತರುತ್ತದೆ. ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲೇ ಇದನ್ನು ವಿವರಿಸಿದ್ದಾರೆ. ಬೆಳಗಿನ ಬೆಳಕಿನ ಚಿಕಿತ್ಸೆಯೂ ಇದೆ. ಬಿಸಿನೀರಿನಿಂದಲೋ ಹುರಿದ ಬೀಜದಿಂದಲೋ ವಾಸಿಯಾಗುವ ಕಾಯಿಲೆಯಲ್ಲ ಅದು. ಎರಡು ವಾರ ಕಳೆದರೂ ಹಾಸಿಗೆ ಬಿಟ್ಟೇಳಲು ಮನಸ್ಸಾಗದಿದ್ದರೆ ಡಾಕ್ಟರನ್ನು ಕಾಣು, ಮನೆಗೂ ತಿಳಿಸು.