ಮೈದಾನದ ತಪ್ಪು, ತರಗತಿಯ ತೀರ್ಮಾನ
ತರಗತಿ: 9
ವಿಷಯ: ದೈಹಿಕ ಶಿಕ್ಷಣ
ಪಾಠ: ಅಪಾಯದ ಆಟ ಮತ್ತು ಶಿಸ್ತುಕ್ರಮ
ಅವಧಿ: 40 ನಿಮಿಷ

ಹಿನ್ನೆಲೆ

ಕ್ಯಾತ್ಸಂದ್ರದ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸದ ಮೂರನೆಯ ವಾರ. ದೈಹಿಕ ಶಿಕ್ಷಕರು ರಜೆಯಲ್ಲಿದ್ದುದರಿಂದ ಆಟದ ಅವಧಿ ನನ್ನ ಪಾಲಿಗೆ ಬಂದಿತ್ತು. ಕಬಡ್ಡಿ ನಡೆಯುತ್ತಿತ್ತು. ರೈಡ್‌ಗೆ ಬಂದವನ ಎರಡೂ ತೊಡೆಗಳನ್ನು ಒಬ್ಬ ಹುಡುಗ ಅಪ್ಪಿ ಹಿಡಿದು, ಮೇಲೆತ್ತಿ, ಕೈಬಿಟ್ಟ. ಬಿದ್ದವನ ಭುಜ ಊದಿಕೊಂಡಿತು. ಗಾಬರಿಯಲ್ಲಿ ನಾನು, "ಈ ವರ್ಷ ನೀನು ಮೈದಾನಕ್ಕೆ ಕಾಲಿಡಬೇಡ" ಎಂದುಬಿಟ್ಟೆ. ಯಾರನ್ನೂ ಏನೂ ಕೇಳಲಿಲ್ಲ. ಮರುದಿನದಿಂದ ಆ ಹುಡುಗ ಶಾಲೆಗೇ ಬರಲಿಲ್ಲ.

ನನ್ನ ದಿನಚರಿ ಓದಿದ ಮಾರ್ಗದರ್ಶಕ ಉಪನ್ಯಾಸಕರು, "ನೀವು ಕೊಟ್ಟದ್ದು ಶಿಕ್ಷೆಯೋ, ನಿಮ್ಮ ಭಯವೋ?" ಎಂದು ಕೇಳಿದರು. ತರಗತಿ ಶಿಕ್ಷಕಿಯೊಂದಿಗೆ ಹುಡುಗನ ಮನೆಗೆ ಹೋಗಿ, ನಿನ್ನ ಮಾತು ಕೇಳಿದ ಮೇಲೆಯೇ ತೀರ್ಮಾನ ಎಂದು ಹೇಳಿ ಬಂದೆ. ಅವನು ಬಂದ ದಿನ ಈ ಪಾಠ ಮಾಡಿದೆ.

ಕಲಿಕಾ ಉದ್ದೇಶಗಳು

1. ಕೃತ್ಯದ ಅಪಾಯವನ್ನೂ ಆಟಗಾರನ ಉದ್ದೇಶವನ್ನೂ ಬೇರ್ಪಡಿಸಿ ನೋಡುವುದು.
2. ಶಿಕ್ಷೆಯ ಪ್ರಮಾಣಕ್ಕೆ ಕಾರಣ ಕೊಡುವುದು.

ಪಾಠದ ಬೆಳವಣಿಗೆ

ತರಗತಿಯ ಘಟನೆಯನ್ನೇ ಚರ್ಚೆಗೆ ಇಡಲಿಲ್ಲ. ಸಹಪಾಠಿಗಳ ಮುಂದೆ ಅವನನ್ನು ನಿಲ್ಲಿಸಿ ವಿಚಾರಿಸುವುದು ಎರಡನೆಯ ಶಿಕ್ಷೆಯಾಗುತ್ತಿತ್ತು. ದೂರದ ಉದಾಹರಣೆಯೊಂದನ್ನು ಆರಿಸಿಕೊಂಡೆ.

2011ರ ರಗ್ಬಿ ವಿಶ್ವಕಪ್ ಸೆಮಿಫೈನಲ್. ವೇಲ್ಸ್ ನಾಯಕ ಸ್ಯಾಮ್ ವಾರ್ಬರ್ಟನ್, ಫ್ರಾನ್ಸ್‌ನ ವಿನ್ಸೆಂಟ್ ಕ್ಲೆರ್ಕ್ ಅವರನ್ನು ಹಿಡಿದು ಮೇಲೆತ್ತಿ ಕೈಬಿಟ್ಟರು. ಇಲ್ಲಿಗೆ ಕಥೆ ನಿಲ್ಲಿಸಿ, "ನೀವು ರೆಫರಿ. ಏನು ಮಾಡುತ್ತೀರಿ?" ಎಂದು ಕೇಳಿದೆ.

ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಬೇಕೂಂತ ಮಾಡಿದ್ರಾ ಮಿಸ್?"

ನನಗೆ ಬೇಕಿದ್ದದ್ದು ಆ ಪ್ರಶ್ನೆಯೇ. ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲು ಎಳೆದೆ: "ಕೃತ್ಯ", "ವ್ಯಕ್ತಿ". ಎದುರಾಳಿಯನ್ನು ಎತ್ತಿ, ತಲೆ ಅಥವಾ ಮೈಯ ಮೇಲ್ಭಾಗ ನೆಲಕ್ಕೆ ಬಡಿಯುವಂತೆ ಬೀಳಿಸುವುದು ರಗ್ಬಿಯಲ್ಲಿ ನಿಷಿದ್ಧ. ರೆಫರಿ ಅಲೆನ್ ರೋಲ್ಯಾಂಡ್ ಕೃತ್ಯವನ್ನು ನೋಡಿ ಕೆಂಪು ಕಾರ್ಡ್ ತೋರಿಸಿದರು. ಹದಿನಾಲ್ಕೇ ಮಂದಿಯೊಂದಿಗೆ ಆಡಿದ ವೇಲ್ಸ್ 9-8ರಿಂದ ಸೋತಿತು. ವ್ಯಕ್ತಿಯ ವಿಚಾರ ಬಂದದ್ದು ಆಮೇಲೆ, ಶಿಸ್ತು ವಿಚಾರಣೆಯಲ್ಲಿ. ಅಲ್ಲಿ ಮೊದಲು ತಪ್ಪಿನ ತೀವ್ರತೆಗೆ ತಕ್ಕ ಶಿಕ್ಷೆ ಗೊತ್ತುಮಾಡುತ್ತಾರೆ. ತಪ್ಪೊಪ್ಪಿಗೆ, ಪಶ್ಚಾತ್ತಾಪ, ಹಿಂದಿನ ನಡತೆ ನೋಡಿ ಅದನ್ನು ಇಳಿಸಬಹುದು. ವಾರ್ಬರ್ಟನ್‌ಗೆ ಮೂರು ವಾರಗಳ ನಿಷೇಧ ಬಂತು.

ನಂತರ ಮಕ್ಕಳಿಗೆ ಪರಿಚಿತವಾದ ಕಬಡ್ಡಿಗೆ ಬಂದೆವು. ಹಸಿರು ಕಾರ್ಡ್ ಎಚ್ಚರಿಕೆ, ಹಳದಿ ಎರಡು ನಿಮಿಷ ಹೊರಗೆ, ಕೆಂಪು ಪಂದ್ಯದಿಂದಲೇ ಹೊರಗೆ. ರೈಡರ್‌ನ ಬಾಯಿ ಮುಚ್ಚುವುದು, ಕತ್ತು ಅದುಮುವುದು, ಗಾಯವಾಗುವಂತೆ ಒರಟಾಗಿ ಹಿಡಿಯುವುದು ಫೌಲ್. ಐದು ಗುಂಪುಗಳು ಒಂದೊಂದು ಸನ್ನಿವೇಶಕ್ಕೆ ಕಾರ್ಡ್ ಆರಿಸಿ, ಕಾರಣ ಬರೆದವು. ಕಾರಣವಿಲ್ಲದ ಕಾರ್ಡ್‌ಗೆ ಅಂಕವಿಲ್ಲ ಎಂಬುದು ನಿಯಮ.

ಪಾಠದ ನಂತರ

ರಜೆ ಮುಗಿಸಿ ಬಂದಿದ್ದ ದೈಹಿಕ ಶಿಕ್ಷಕರೂ ನಾನೂ ಇಬ್ಬರು ಹುಡುಗರ ಮಾತನ್ನು ಬೇರೆ ಬೇರೆಯಾಗಿ ಕೇಳಿದೆವು. ಎತ್ತಿದವನು, "ಕೈ ಜಾರಿತು ಸಾರ್, ಎತ್ತಬಾರದು ಅಂತ ಗೊತ್ತಿರಲಿಲ್ಲ" ಎಂದ. ತೀರ್ಮಾನ: ಎರಡು ವಾರ ಆಟವಿಲ್ಲ, ಆ ಅವಧಿಯಲ್ಲಿ ಅಂಕ ಬರೆಯಬೇಕು, ಹಿಡಿದವನನ್ನು ಸುರಕ್ಷಿತವಾಗಿ ನೆಲಕ್ಕೆ ತರುವ ಕ್ರಮ ಕಲಿಯಬೇಕು. ನಾನು ಹೇಳಿದ್ದ "ಈ ವರ್ಷ"ವನ್ನು ನಾನೇ ಹಿಂತೆಗೆದುಕೊಂಡೆ.

ಬಿದ್ದ ಹುಡುಗ ಹೋಗುವ ಮುನ್ನ ಹೇಳಿದ: "ಅವನು ಬೇಕೂಂತ ಮಾಡ್ಲಿಲ್ಲ ಮಿಸ್. ಆದ್ರೆ ನೋವು ನನಗೇ ತಾನೇ?"

ಚಿಂತನೆ

ಅವನ ಮಾತಿಗೆ ನನ್ನ ಪಾಠಯೋಜನೆಯಲ್ಲಿ ಜಾಗವಿರಲಿಲ್ಲ. ಪಶ್ಚಾತ್ತಾಪ ಶಿಕ್ಷೆಯನ್ನು ಇಳಿಸಬಹುದು, ನೋವನ್ನಲ್ಲ. ಮುಂದಿನ ಸಲ ಕಪ್ಪುಹಲಗೆಯ ಮೇಲೆ "ನೊಂದವನು" ಎಂಬ ಮೂರನೆಯ ಕಂಬಸಾಲನ್ನೂ ಎಳೆಯುತ್ತೇನೆ. ಇನ್ನೊಂದು ಮಾತು: ಎತ್ತಬಾರದೆಂದು ಅವನಿಗೆ ಗೊತ್ತಿರಲಿಲ್ಲ. ಆಟ ಶುರುವಾಗುವ ಮುನ್ನ ಅದನ್ನು ಹೇಳಬೇಕಾಗಿದ್ದವಳು ನಾನು. ಆ ತಪ್ಪಿಗೆ ಕಾರ್ಡ್ ತೋರಿಸಲು ಅಲ್ಲಿ ಯಾರೂ ಇರಲಿಲ್ಲ.