ಕಲಿಕೆಯೂ ಮರೆವೂ

ಒಂದೇ ತರಗತಿಯಲ್ಲಿ ಒಂದೇ ಪಾಠವನ್ನು ಕೇಳಿದ ಇಬ್ಬರು ಬಾಲಿಕೆಯರಲ್ಲಿ, ಮನಸ್ಸಿಟ್ಟು ಕೇಳಿದವಳಿಗೆ ಅದು ನೆನಪಿನಲ್ಲಿ ನಿಲ್ಲುವುದೂ, ಕಿಟಕಿಯ ಹೊರಗೆ ನೋಡುತ್ತಿದ್ದವಳಿಗೆ ನಿಲ್ಲದಿರುವುದೂ ನಾವೆಲ್ಲರೂ ಬಲ್ಲ ಸಂಗತಿ. ಕಿವಿಗೆ ಬಿದ್ದ ಮಾತು ಒಂದೇ ಆದರೂ ಫಲವು ಬೇರೆಯಾದುದೇಕೆ? ಅದರ ಕಾರಣಗಳಲ್ಲಿ ಒಂದು ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ದ್ರವ್ಯ.

ಮಿದುಳಿನ ನರಕೋಶಗಳ ನಡುವೆ ಅತಿ ಸೂಕ್ಷ್ಮವಾದ ತೆರಪುಂಟು. ಕೋಶಗಳು ಸಂಧಿಸುವ ಈ ಸ್ಥಾನಕ್ಕೆ ಸಿನಾಪ್ಸ್ ಎಂದು ಹೆಸರು. ಒಂದು ಕೋಶವು ಹೊರಸೂಸಿದ ದ್ರವ್ಯವು ಆ ತೆರಪನ್ನು ದಾಟಿ ಮುಂದಿನ ಕೋಶಕ್ಕೆ ಸುದ್ದಿಯನ್ನು ಮುಟ್ಟಿಸುತ್ತದೆ. 1921ರಲ್ಲಿ ಆಸ್ಟ್ರಿಯ ದೇಶದ ಆಟೋ ಲೋವಿ ಎಂಬ ವಿಜ್ಞಾನಿಯು ಕಪ್ಪೆಯೊಂದರ ಹೃದಯದ ನರವನ್ನು ಪ್ರಚೋದಿಸಿ, ಆ ಹೃದಯದೊಳಗಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಲು, ಎರಡನೆಯದರ ಬಡಿತವೂ ನಿಧಾನವಾಯಿತು. ಇದಕ್ಕೆ ಕಾರಣವಾದುದು ಅಸಿಟೈಲ್‌ಕೋಲೀನ್ ಎಂದು ಮುಂದೆ ತಿಳಿದುಬಂದಿತು. 1936ರಲ್ಲಿ ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ ನೊಬೆಲ್ ಬಹುಮಾನವು ದೊರೆಯಿತು.

ಜನರು ನಡೆದಾಡಿದಂತೆಲ್ಲಾ ಕಾಲುದಾರಿಯು ಸ್ಪಷ್ಟವಾಗುವ ಹಾಗೆ, ಬಳಕೆಯಿಂದ ಸಿನಾಪ್ಸುಗಳು ಬಲಗೊಳ್ಳುತ್ತವೆ. ಬಳಕೆ ತಪ್ಪಿದರೆ ಕುಗ್ಗುತ್ತವೆ. ಕಲಿಕೆಯ ತಳಹದಿ ಇದೇ. ನಾವು ಗಮನವಿಟ್ಟಾಗ ಮಿದುಳಿನ ಮುಂಭಾಗದ ಬುಡದಲ್ಲಿರುವ ಕೆಲವು ಕೋಶಗಳು ಅಸಿಟೈಲ್‌ಕೋಲೀನನ್ನು ಮಿದುಳಿನ ಹೊರಪದರಕ್ಕೆ ಸೂಸುತ್ತವೆ. ಆಗ ಅಲ್ಲಿಯ ಸಿನಾಪ್ಸುಗಳು ಸುಲಭವಾಗಿ ಮಾರ್ಪಡುತ್ತವೆ. 1998ರಲ್ಲಿ ಅಮೆರಿಕೆಯ ಕಿಲ್ಗಾರ್ಡ್ ಮತ್ತು ಮರ್ಜೆನಿಕ್ ಎಂಬವರು ಇಲಿಗಳಿಗೆ ಒಂದು ಸ್ವರವನ್ನು ಕೇಳಿಸುತ್ತಾ, ಅದೇ ವೇಳೆಗೆ ಈ ಬುಡದ ಭಾಗವನ್ನೂ ವಿದ್ಯುತ್ತಿನಿಂದ ಪ್ರಚೋದಿಸಿದರು. ಕೆಲವು ವಾರಗಳಲ್ಲಿ, ಮಿದುಳಿನಲ್ಲಿ ಆ ಸ್ವರಕ್ಕೆ ಓಗೊಡುವ ಕ್ಷೇತ್ರವು ವಿಸ್ತಾರವಾಗಿತ್ತು.

ಈ ದ್ರವ್ಯವು ಕುಂದಿದರೆ ಆಗುವ ಹಾನಿಯನ್ನು ಅನೇಕ ಮನೆಗಳು ಬಲ್ಲವು. ಆಲ್‌ಜೈಮರ್ ರೋಗದಿಂದ ಮೃತರಾದವರ ಮಿದುಳಿನಲ್ಲಿ, ಅಸಿಟೈಲ್‌ಕೋಲೀನನ್ನು ತಯಾರಿಸುವ ಕಿಣ್ವವು ಬಹಳ ಕಡಿಮೆಯಾಗಿರುವುದು 1976ರಲ್ಲಿ ಪ್ರಕಟವಾಯಿತು. ಇರುವಷ್ಟು ದ್ರವ್ಯವು ಬೇಗನೆ ನಾಶವಾಗದಂತೆ ತಡೆಯುವ ಔಷಧಗಳು ಈಗ ಉಂಟು. ಅವು ಕೆಲವರಿಗೆ ಸ್ವಲ್ಪ ಕಾಲ ಉಪಶಮನವನ್ನು ಕೊಡುತ್ತವೆಯೇ ಹೊರತು ರೋಗವನ್ನು ನಿರ್ಮೂಲ ಮಾಡಲಾರವು. ಇದಕ್ಕೆ ವ್ಯತಿರಿಕ್ತವಾಗಿ, ನಿದ್ರೆಗಾಗಿಯೂ ನೆಗಡಿಗಾಗಿಯೂ ಕೊಡುವ ಕೆಲವು ಮಾತ್ರೆಗಳು ಅಸಿಟೈಲ್‌ಕೋಲೀನಿನ ಕಾರ್ಯವನ್ನು ತಡೆಯುತ್ತವೆ. ಆದುದರಿಂದ ವೃದ್ಧರಿಗೆ ಅವನ್ನು ವೈದ್ಯರನ್ನು ಕೇಳದೆ ಕೊಡಬಾರದು.

ಹೆತ್ತವರೇ, ಮಗುವು ಓದುವ ವೇಳೆಯಲ್ಲಿ ಅದರ ಗಮನವನ್ನು ಪದೇ ಪದೇ ಕೆಡಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಅಜ್ಜಿಯು ಕೇಳಿದುದನ್ನೇ ಹತ್ತು ಸಾರಿ ಕೇಳಿದರೆ ಅದನ್ನು ಹಟವೆಂದು ಗದರಿಸಬೇಡಿರಿ. ನಿಮ್ಮ ಉತ್ತರವು ಆಕೆಯ ಕಿವಿಗೆ ಬಿದ್ದಿದೆ. ಅದನ್ನು ಹಿಡಿದಿಡುವ ಶಕ್ತಿಯು ಮಾತ್ರ ಕುಂದಿದೆ. ಹನ್ನೊಂದನೆಯ ಸಾರಿಯೂ ಮೆಲ್ಲಗೆ ಹೇಳಿರಿ.